2000 ಪಟ್ಟು ಹಿಗ್ಗಿಸುವ ಮೈಕ್ರೋಸ್ಕೋಪ್ ಶಾಲೆಗೆ ಕೊಳ್ಳಬಹುದೇ?

ಪ್ರಶ್ನೆ: ನಾನು ಕುಮಟಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಘನಾಶಿನಿಯ ಹಿನ್ನೀರು ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ. ಆ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ. ಆದರೆ ಇರುವ ಹಳೆಯ ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಮಬ್ಬು ಮಬ್ಬು. ಹಳೆಯ ವಿದ್ಯಾರ್ಥಿಗಳು ಸೇರಿ 15,000 ರೂಪಾಯಿ ಕೊಟ್ಟಿದ್ದಾರೆ. ಆ ಬೆಲೆಗೆ 2000 ಪಟ್ಟು ಹಿಗ್ಗಿಸುವ ಡಿಜಿಟಲ್ ಮೈಕ್ರೋಸ್ಕೋಪ್ ಆನ್‌ಲೈನಿನಲ್ಲಿ ಸಿಗುತ್ತಿದೆ. ಕೊಳ್ಳಬಹುದೇ? ನೊಬೆಲ್ ಪಡೆದ ಹೊಸ ಸೂಕ್ಷ್ಮದರ್ಶಕಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಿರುತ್ತದೆ. ಅವುಗಳಿಂದ ನಮ್ಮಂಥ ಶಾಲೆಗೆ ಏನಾದರೂ ಪ್ರಯೋಜನ ಇದೆಯೇ?

ಉತ್ತರ: ಕೊಳ್ಳಬೇಡಿ, ಅಕ್ಕೋರೇ. ಆ ದುಡ್ಡಿನಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಬೇರೆ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕಪಾಟಿನಲ್ಲಿರುವ ಹಳೆಯದನ್ನು ಹೊರಗೆ ತೆಗೆಯಿರಿ. ಅದರ ಆಬ್ಜೆಕ್ಟಿವನ್ನು, ಅಂದರೆ ಸ್ಲೈಡಿನ ಹತ್ತಿರಕ್ಕೆ ಇಳಿಯುವ ಲೆನ್ಸನ್ನು, ಬೆಳಕಿಗೆ ಹಿಡಿದು ಓದಿ. 40/0.65 ಎಂದು ಒಂದು ಸಾಲು, ಕೆಳಗೆ 160/0.17 ಎಂದು ಇನ್ನೊಂದು ಸಾಲು ಕೆತ್ತಿರುತ್ತದೆ. ಎಲ್ಲರ ಕಣ್ಣೂ 40ರ ಮೇಲೆ, ಅಂದರೆ ಹಿಗ್ಗಿಸುವ ಪಟ್ಟಿನ ಮೇಲೆ, ಬೀಳುತ್ತದೆ. ನೋಡಬೇಕಾದದ್ದು ಪಕ್ಕದ 0.65. ವಸ್ತುವಿನಿಂದ ಹೊರಟ ಬೆಳಕನ್ನು ಈ ಲೆನ್ಸು ಎಷ್ಟು ಅಗಲವಾಗಿ ಬಾಚಿಕೊಳ್ಳಬಲ್ಲದು ಎಂಬುದರ ಲೆಕ್ಕ ಅದು. ನ್ಯೂಮರಿಕಲ್ ಅಪರ್ಚರ್ ಎನ್ನುತ್ತಾರೆ. ಕೆಳಗಿನ ಸಾಲಿನ 160 ಎಂಬುದು ಕೊಳವೆಯ ಉದ್ದ, 0.17 ಎಂಬುದು ಬಳಸಬೇಕಾದ ಕವರ್ ಸ್ಲಿಪ್ಪಿನ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ) ದಪ್ಪ, ಎರಡೂ ಮಿಲಿಮೀಟರಿನಲ್ಲಿ.

ಜರ್ಮನಿಯ ಯೇನಾ ಊರಿನಲ್ಲಿ ಕಾರ್ಲ್ ಝೈಸ್‌ನ ಕಾರ್ಖಾನೆಗೆ ಲೆನ್ಸಿನ ಲೆಕ್ಕ ಹಾಕಿಕೊಡುತ್ತಿದ್ದ ಎರ್ನ್‌ಸ್ಟ್ ಅಬೆ ಎಂಬ ಭೌತವಿಜ್ಞಾನಿ 1873ರಲ್ಲಿ ಒಂದು ಮಿತಿಯನ್ನು ತೋರಿಸಿಕೊಟ್ಟ. ಬೆಳಕಿನ ತರಂಗದ ಉದ್ದವನ್ನು ಆ ಅಪರ್ಚರ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಆ ಲೆನ್ಸಿಗೆ ಒಂದೇ ಚುಕ್ಕೆ. ಹಸಿರು ಬೆಳಕಿನ ತರಂಗದುದ್ದ ಸುಮಾರು 0.55 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ನಿಮ್ಮ 0.65ರ ಲೆನ್ಸಿಗೆ ಲೆಕ್ಕ ಹಾಕಿದರೆ 0.42 ಮೈಕ್ರಾನ್ ಬರುತ್ತದೆ. ಎಣ್ಣೆ ಹಾಕಿ ನೋಡುವ 100ರ ಲೆನ್ಸಿನಲ್ಲಿ 1.25 ಎಂದಿರುತ್ತದೆ, ಅದಕ್ಕೆ 0.22 ಮೈಕ್ರಾನ್. ಯೇನಾದಲ್ಲಿರುವ ಅಬೆಯ ಸ್ಮಾರಕದ ಮೇಲೆ ಈ ಸೂತ್ರವನ್ನೇ ಕೆತ್ತಿದ್ದಾರೆ.

ಇದರಿಂದ ಬಂದ ಒಂದು ರೂಢಿಯ ಲೆಕ್ಕವಿದೆ: ಅಪರ್ಚರ್ ಸಂಖ್ಯೆಯ 500ರಿಂದ 1000 ಪಟ್ಟಿನವರೆಗೆ ಹಿಗ್ಗಿಸಿದರೆ ಉಪಯೋಗ, ಅದರಾಚೆ ವ್ಯರ್ಥ. 0.65ಕ್ಕೆ 650, 1.25ಕ್ಕೆ 1250. ಹಾಗಾದರೆ ಜಾಹೀರಾತಿನವರಿಗೆ 2000 ಎಲ್ಲಿಂದ ಸಿಕ್ಕಿತು? 100ರ ಆಬ್ಜೆಕ್ಟಿವ್‌ಗೆ 10ರ ಬದಲು 20ರ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸು, ಸಿಕ್ಕಿಸಿದರೆ ಕಾಗದದ ಮೇಲೆ 2000 ಆಗುತ್ತದೆ. ಯುಎಸ್‌ಬಿ ತಂತಿಯ ಮೈಕ್ರೋಸ್ಕೋಪ್ ಮಾರುವವರಂತೂ ಕಂಪ್ಯೂಟರ್ ಪರದೆಯ ಅಗಲವನ್ನೂ ಗುಣಿಸಿಬಿಡುತ್ತಾರೆ. ಮಬ್ಬು ದೊಡ್ಡದಾಗುತ್ತದೆ, ಅಷ್ಟೇ. ಅಪರ್ಚರ್ ಸಂಖ್ಯೆ ಬರೆಯದೆ ಬರಿಯ ಪಟ್ಟನ್ನು ಬರೆದ ಮೈಕ್ರೋಸ್ಕೋಪನ್ನು ನಾನಂತೂ ಆಟಿಕೆಯ ಲೆಕ್ಕಕ್ಕೆ ಹಾಕುತ್ತೇನೆ.

ನಿಮ್ಮ ಎರಡನೆಯ ಪ್ರಶ್ನೆಗೂ ಇಲ್ಲಿಂದಲೇ ದಾರಿ. ಅಬೆಯ ನಂತರ ಜೀವವಿಜ್ಞಾನಿಗಳ ಕೈಗೆ ಬಂದ ಹೊಸ ಉಪಾಯಗಳಲ್ಲಿ ಇನ್ನಷ್ಟು ಹಿಗ್ಗಿಸಲೆಂದೇ ಹುಟ್ಟಿದವು ಕಡಿಮೆ. ಬೆಳಕನ್ನು ಎಲ್ಲಿಂದ ಕೊಡಬೇಕು, ಎಲ್ಲಿ ತಡೆಯಬೇಕು, ಯಾವಾಗ ಹೊತ್ತಿಸಿ ಯಾವಾಗ ಆರಿಸಬೇಕು ಎಂಬ ಯೋಚನೆಯಿಂದ ಹುಟ್ಟಿದವೇ ಹೆಚ್ಚು. ಅವುಗಳಲ್ಲಿ ಹಳೆಯವು ಒಂದೆರಡು ನಿಮ್ಮ ಮೈಕ್ರೋಸ್ಕೋಪಿನಲ್ಲೇ ಕೂತಿವೆ, ಯಾರೂ ಬಳಸುತ್ತಿಲ್ಲ.

ಆದರೆ ಮೊದಲು ಮಬ್ಬಿನ ಕಾರಣ ಹುಡುಕೋಣ. ನಮ್ಮ ಕರಾವಳಿಯಲ್ಲಿ ಲೆನ್ಸಿನ ಮೊದಲ ಶತ್ರು ಬೂಷ್ಟು. ಮಳೆಗಾಲದ ನಾಲ್ಕು ತಿಂಗಳು ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಗಾಜಿನ ಮೇಲೆ ಎಳೆ ಎಳೆಯಾಗಿ ಹಬ್ಬುತ್ತದೆ. ಐಪೀಸನ್ನು ಹೊರಗೆ ತೆಗೆದು ತಲೆಕೆಳಗು ಮಾಡಿ. ಕಣ್ಣಿಡುವ ತುದಿಯನ್ನು ಆಬ್ಜೆಕ್ಟಿವ್‌ನ ಮೂತಿಗೆ ಹತ್ತಿರ ತಂದು, ಇನ್ನೊಂದು ತುದಿಯಿಂದ ನೋಡಿ. ಒಳ್ಳೆಯ ಭೂತಗನ್ನಡಿಯಾಗುತ್ತದೆ. 40ರ ಲೆನ್ಸಿನ ಮುಂದಿನ ಗಾಜು ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಅದರ ಮೇಲೆ ಹಳದಿ ಪೊರೆ ಕಂಡರೆ ಅದು ಒಣಗಿದ ಎಣ್ಣೆ. ಯಾರೋ ಮಕ್ಕಳು 100ಕ್ಕೆ ಹಾಕಿದ ಎಣ್ಣೆಯ ಮೇಲೆ 40ನ್ನು ತಿರುಗಿಸಿರುತ್ತಾರೆ. ಶಾಲಾ ಮೈಕ್ರೋಸ್ಕೋಪುಗಳ ಮಬ್ಬಿಗೆ ಇದು ತೀರಾ ಸಾಮಾನ್ಯ ಕಾರಣ. ಲೆನ್ಸ್ ಕಾಗದಕ್ಕೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒತ್ತದೆ, ನಡುವಿನಿಂದ ಹೊರಕ್ಕೆ ಒರೆಸಿ. ಸೀರೆಯ ಸೆರಗು, ಕರವಸ್ತ್ರ ಬೇಡ. ಬೂಷ್ಟು ಒಳಗಿನ ಗಾಜಿಗೆ ಹತ್ತಿದ್ದರೆ ಕೈ ಹಾಕಬೇಡಿ. ಗಾಜಿನ ಮೇಲಿನ ಲೇಪವನ್ನು ಅದು ಆಗಲೇ ತಿಂದಿರುತ್ತದೆ, ಆ ಒಂದು ಆಬ್ಜೆಕ್ಟಿವನ್ನು ಬದಲಿಸುವುದೇ ಸರಿ.

ಎರಡನೆಯದು ಕಂಡೆನ್ಸರ್. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಒಂದು ದಪ್ಪ ಲೆನ್ಸು, ಅದಕ್ಕೊಂದು ತೆರೆದು ಮುಚ್ಚುವ ಡಯಾಫ್ರಾಮ್ ಇದೆಯಲ್ಲ, ಅದು. ಹೆಚ್ಚಿನ ಶಾಲೆಗಳಲ್ಲಿ ಅದು ತಳಕ್ಕೆ ಇಳಿದು ಕೂತಿರುತ್ತದೆ, ಡಯಾಫ್ರಾಮ್ ಪೂರ್ತಿ ಮುಚ್ಚಿರುತ್ತದೆ. 0.65ರ ಲೆನ್ಸಿಗೆ ಅಷ್ಟಗಲದ ಬೆಳಕೇ ಸಿಗದಿದ್ದರೆ ಆ ಸಂಖ್ಯೆ ಇದ್ದೂ ಇಲ್ಲದಂತೆ. ಬೆಳಕನ್ನು ಶಿಸ್ತಾಗಿ ಕೊಡುವ ವಿಧಾನವನ್ನು ಆಗಸ್ಟ್ ಕೋಲರ್ ಎಂಬಾತ 1893ರಲ್ಲಿ ಹೇಳಿಕೊಟ್ಟ. ಇವತ್ತಿಗೂ ಕೋಟಿ ರೂಪಾಯಿಯ ಉಪಕರಣದ ಮುಂದೆ ಕೂತವರು ಬೆಳಿಗ್ಗೆ ಮೊದಲು ಮಾಡುವುದು ಅದನ್ನೇ. ನಿಮ್ಮದರಲ್ಲಿ ಅದರ ಎಲ್ಲ ಭಾಗಗಳೂ ಇರಲಿಕ್ಕಿಲ್ಲ, ಇಷ್ಟು ಮಾಡಿ. ಕಂಡೆನ್ಸರನ್ನು ಸ್ಲೈಡಿಗೆ ತಾಗುವ ಹತ್ತಿರದವರೆಗೆ ಏರಿಸಿ. ಸ್ಲೈಡನ್ನು ಫೋಕಸ್ ಮಾಡಿ. ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ. ತಳದಲ್ಲಿ ಬೆಳಕಿನ ಬಿಲ್ಲೆ ಕಾಣುತ್ತದೆ. ಡಯಾಫ್ರಾಮನ್ನು ಮೆಲ್ಲನೆ ಮುಚ್ಚುತ್ತ ಆ ಬಿಲ್ಲೆಯ ಮುಕ್ಕಾಲು ಭಾಗ ಬೆಳಗುವಲ್ಲಿ ನಿಲ್ಲಿಸಿ. ಐಪೀಸ್ ಹಾಕಿ ನೋಡಿ. ಬೆಳಕು ಹೆಚ್ಚು ಕಡಿಮೆ ಮಾಡಬೇಕಿದ್ದರೆ ಬಲ್ಬಿನಲ್ಲಿ ಮಾಡಿಕೊಳ್ಳಿ, ಡಯಾಫ್ರಾಮನ್ನು ಅದಕ್ಕೆ ಬಳಸಬೇಡಿ.

ಲೆನ್ಸು ಸರಿಯಾಯಿತೇ ಎಂದು ಪರೀಕ್ಷಿಸಲು ಹೊರಗಿನಿಂದ ಏನನ್ನೂ ತರಿಸಬೇಕಾಗಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನ ಮೇಲೆ, ಇಳಿತದ ಹೊತ್ತಿನಲ್ಲಿ, ಕಂದು ಬಣ್ಣದ ತೆಳು ಪದರ ಕಾಣುತ್ತದೆ. ಅದು ಡಯಾಟಮ್‌ಗಳದ್ದು: ಗಾಜಿನ ಚಿಪ್ಪಿನೊಳಗೆ ಬದುಕುವ ಏಕಕೋಶ ಪಾಚಿ. ಅದರಲ್ಲಿ ಉದ್ದಕ್ಕೆ, ತುಸು ಎಸ್ ಆಕಾರಕ್ಕೆ ಬಾಗಿದ ಪ್ಲ್ಯೂರೋಸಿಗ್ಮಾ ಎಂಬ ಜಾತಿಯವನ್ನು ಹುಡುಕಿ. ಈ ಗುಂಪಿನ ಪ್ಲ್ಯೂರೋಸಿಗ್ಮಾ ಆಂಗ್ಯುಲೇಟಮ್ ಎಂಬುದರ ಚಿಪ್ಪಿನ ಚುಕ್ಕೆ ಸಾಲುಗಳು ಒಂದಕ್ಕೊಂದು ಸುಮಾರು ಅರ್ಧ ಮೈಕ್ರಾನ್ ದೂರದಲ್ಲಿರುತ್ತವೆ. ಹತ್ತೊಂಬತ್ತನೆಯ ಶತಮಾನದಿಂದಲೂ ಲೆನ್ಸ್ ತಯಾರಕರು ತಮ್ಮ ಸರಕನ್ನು ಪರೀಕ್ಷಿಸುತ್ತಿದ್ದದ್ದು ಇದರ ಮೇಲೆಯೇ. ಕೆಸರನ್ನು ಸಿಹಿನೀರಿನಲ್ಲಿ ನಾಲ್ಕಾರು ಸಲ ತೊಳೆದು ತಳಕ್ಕೆ ಕೂರಿಸಿ. ಉಪ್ಪು ಉಳಿದರೆ ಹರಳುಗಳೇ ಕಾಣುತ್ತವೆ. ಒಂದು ಹನಿಯನ್ನು ಕವರ್ ಸ್ಲಿಪ್ಪಿನ ಮೇಲೆ ಒಣಗಿಸಿ, ಬಿಸಿ ತಟ್ಟೆಯ ಮೇಲೆ ಚೆನ್ನಾಗಿ ಕಾಯಿಸಿ ಸುಡಿ. ಒಳಗಿನ ಜೀವದ್ರವ್ಯ ಸುಟ್ಟು ಬರಿಯ ಗಾಜು ಉಳಿಯುತ್ತದೆ. ಆ ಮುಖವನ್ನು ಕೆಳಗೆ ಮಾಡಿ, ಒಣ ಸ್ಲೈಡಿನ ಮೇಲಿಟ್ಟು, 40ರಲ್ಲಿ ನೋಡಿ. ಚಿಪ್ಪಿನ ಮೇಲೆ ಸಾಲುಗಳು ಬಿಡಿ ಬಿಡಿಯಾಗಿ ಕಂಡರೆ ನಿಮ್ಮ ಲೆನ್ಸಿಗೆ ಏನೂ ಆಗಿಲ್ಲ. ಯೇನಾದವರು ಮಾಡಿದ ಪರೀಕ್ಷೆಯನ್ನು ಅಘನಾಶಿನಿಯ ಕೆಸರಿನಲ್ಲಿ ಮಾಡಿದಂತಾಯಿತು.

ಈಗ ಬದುಕಿರುವ ಜೀವಿಗಳ ಮಾತು. ಹಿನ್ನೀರಿನ ಹನಿಯನ್ನು ನೋಡುವಾಗಿನ ನಿಜವಾದ ತೊಂದರೆ ಅವು ಚಿಕ್ಕವು ಎಂಬುದಲ್ಲ, ಪಾರದರ್ಶಕ ಎಂಬುದು. ಹೊಳೆಯುವ ಬಿಳಿ ಹಿನ್ನೆಲೆಯಲ್ಲಿ ನೀರಿನಷ್ಟೇ ತಿಳಿಯಾದ ಪ್ರಾಣಿ. ಬಣ್ಣ ಹಾಕಿದರೆ ಕಾಣುತ್ತದೆ, ಸಾಯುತ್ತದೆ. ಇದಕ್ಕೆ ಎಲ್ಲಕ್ಕಿಂತ ಅಗ್ಗದ ಪರಿಹಾರ ಕಪ್ಪು ಕಾಗದದ ಒಂದು ಬಿಲ್ಲೆ. ನೇರ ಬರುವ ಬೆಳಕನ್ನು ನಡುವಿನಲ್ಲಿ ತಡೆದು, ಓರೆಯಾಗಿ ಬರುವುದನ್ನು ಮಾತ್ರ ಬಿಟ್ಟರೆ, ಲೆನ್ಸಿಗೆ ಏನೂ ಸಿಗದೆ ಹಿನ್ನೆಲೆ ಕಪ್ಪಾಗುತ್ತದೆ. ಜೀವಿಗೆ ಬಡಿದು ಚೆದುರಿದ ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ. ಡಾರ್ಕ್ ಫೀಲ್ಡ್ ಎಂದು ಇದರ ಹೆಸರು. ಬಿಲ್ಲೆಯ ಅಳತೆ ತಿಳಿಯಲು ಮತ್ತೆ ಐಪೀಸ್ ತೆಗೆದು ಇಣುಕಿ. ಡಯಾಫ್ರಾಮಿನ ಅಂಚು ಬೆಳಕಿನ ಬಿಲ್ಲೆಯ ಅಂಚಿಗೆ ಸರಿಯಾಗಿ ಕೂಡುವಷ್ಟು ಮುಚ್ಚಿ. ಕೆಳಗಿನಿಂದ ಆ ತೂತಿನ ಅಗಲ ಅಳೆದು, ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. 10ರ ಲೆನ್ಸಿಗೆ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಡುವೆ ಅಂಟಿಸಿ ಕಂಡೆನ್ಸರಿನ ಕೆಳಗಿನ ಫಿಲ್ಟರ್ ತಟ್ಟೆಯಲ್ಲಿಡಿ, ಡಯಾಫ್ರಾಮ್ ಪೂರ್ತಿ ತೆರೆಯಿರಿ. 10ರಲ್ಲಿ ಚೆಂದ ಬರುತ್ತದೆ. 40ರಲ್ಲಿ ಕಷ್ಟ, ಕಂಡೆನ್ಸರಿನ ಅಪರ್ಚರ್ ಆಬ್ಜೆಕ್ಟಿವ್‌ಗಿಂತ ಸಾಕಷ್ಟು ದೊಡ್ಡದಿರಬೇಕಾಗುತ್ತದೆ.

ಭರತ (ಉಬ್ಬರ) ಏರುವಾಗ ತಂದ ನೀರನ್ನು ಹೀಗೆ ನೋಡಿದರೆ ಮಕ್ಕಳು ಎದ್ದು ಹೋಗುವುದಿಲ್ಲ. ಕೋಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಯ ಮರಿ ಕಪ್ಪು ಆಕಾಶದಲ್ಲಿ ಬೆಳ್ಳಗೆ ಜಿಗಿಯುತ್ತದೆ. ಅದರ ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ ಬೆಳಗುತ್ತದೆ. ಅದು ನಿಂತಾಗ ಕರುಳು ಹಿಂಡುವುದು ಕಾಣುತ್ತದೆ, ನುಂಗಿದ ಪಾಚಿ ಹಸಿರು ಕಂದಾಗಿ ಹಿಂದೆ ಹಿಂದೆ ಸರಿಯುತ್ತದೆ. ಇನ್ನಷ್ಟು ಸಂಭ್ರಮ ಬೇಕಿದ್ದರೆ ಕಪ್ಪು ಬಿಲ್ಲೆಯ ಜಾಗದಲ್ಲಿ ನೀಲಿ ಜೆಲಾಟಿನ್ ಕಾಗದದ ಬಿಲ್ಲೆ, ಸುತ್ತ ಹಳದಿ ಕಾಗದದ ಉಂಗುರ ಅಂಟಿಸಿ. ನೀಲಿ ಹಿನ್ನೆಲೆಯಲ್ಲಿ ಹಳದಿ ಪ್ರಾಣಿ. ಜೂಲಿಯಸ್ ರೈನ್‌ಬರ್ಗ್ 1896ರಲ್ಲಿ ಮಾಡಿ ತೋರಿಸಿದ ಉಪಾಯ ಇದು.

ಶಿರಸಿ, ಸಿದ್ದಾಪುರ ಕಡೆಯ ತೋಟಿಗರೂ ಮೈಕ್ರೋಸ್ಕೋಪಿನ ಬಗ್ಗೆ ವಿಚಾರಿಸುತ್ತಿರುತ್ತಾರೆ, ಅವರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅಡಿಕೆಯ ಕೊಳೆರೋಗ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿದ್ದ. ಕೊಳೆ ಬಂದ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ಒಂದು ಹನಿ ನೀರಿಗೆ ಹಾಕಿದರೆ 10ರ ಲೆನ್ಸಿನಲ್ಲೇ, ಒಂದು ತುದಿ ಉಬ್ಬಿದ, ಸುಮಾರು 40 ಮೈಕ್ರಾನ್ ಉದ್ದದ ಚೀಲಗಳು ಕಾಣುತ್ತವೆ. ಆ ನೀರನ್ನು ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ತಂಪು ಮಾಡಿ ಹೊರಗೆ ತನ್ನಿ. ಚೀಲ ಒಡೆದು, ಎರಡೆರಡು ಚಾವಟಿಗಳಿರುವ ಈಜುಬೀಜಕಗಳು ಹೊರಬೀಳುತ್ತವೆ. ಸಾದಾ ಬೆಳಕಿನಲ್ಲಿ ಅವು ಇದ್ದೂ ಇಲ್ಲದ ಹಾಗೆ. ಕಪ್ಪು ಬಿಲ್ಲೆ ಹಾಕಿದ ಕೂಡಲೇ ಇಡೀ ಹನಿ ಗಿಜಿಗುಡುತ್ತದೆ. ಮಳೆಯ ತಂಪಿನಲ್ಲಿ ಗೊನೆಯಿಂದ ಗೊನೆಗೆ ರೋಗ ಯಾಕೆ ಅಷ್ಟು ಬೇಗ ಹಬ್ಬುತ್ತದೆ, ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು, ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟಬೇಕು ಎಂದು ಯಾಕೆ ಹೇಳುತ್ತಾರೆ ಎಂಬುದು ಆ ಹನಿ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಂಗನ ಕಾಯಿಲೆಯ ವೈರಸ್ಸನ್ನು ನೋಡಬೇಕು ಎಂದರೆ ಆಗದ ಮಾತು. ಅದು 50 ನ್ಯಾನೋಮೀಟರಿನ, ಅಂದರೆ 0.05 ಮೈಕ್ರಾನಿನ, ಆಸುಪಾಸಿನದು, ಅಬೆಯ ಮಿತಿಗಿಂತ ಎಷ್ಟೋ ಕೆಳಗೆ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಆ ಕಾಯಿಲೆ ಹರಡುವ ಉಣ್ಣಿಯನ್ನು (ಉಣುಗನ್ನು) ಬೇಕಾದರೆ ಭೂತಗನ್ನಡಿಯಲ್ಲೇ ನೋಡಿ.

ಪಾರದರ್ಶಕತೆಯ ತೊಂದರೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು ಹಾಲೆಂಡಿನ ಫ್ರಿಟ್ಸ್ ಝೆರ್ನಿಕೆ. ಕೋಶವನ್ನು ದಾಟುವ ಬೆಳಕು ಕುಂದುವುದಿಲ್ಲ, ನಿಜ; ಆದರೆ ಸುತ್ತಲಿನ ನೀರಿನಲ್ಲಿ ಹಾದ ಬೆಳಕಿಗಿಂತ ತುಸು ತಡವಾಗಿ ಬರುತ್ತದೆ, ಹೆಚ್ಚೂಕಡಿಮೆ ಕಾಲು ತರಂಗದಷ್ಟು. ನಮ್ಮ ಕಣ್ಣಿಗೆ ತಡ ಆದದ್ದು ಗೊತ್ತಾಗುವುದಿಲ್ಲ, ಮಸುಕಾದರೆ ಮಾತ್ರ ಗೊತ್ತಾಗುತ್ತದೆ. ಕಂಡೆನ್ಸರಿನಲ್ಲಿ ಒಂದು ಉಂಗುರ, ಆಬ್ಜೆಕ್ಟಿವ್‌ನ ಒಳಗೆ ಅದಕ್ಕೆ ಹೊಂದುವ ಇನ್ನೊಂದು ಉಂಗುರ ಇಟ್ಟು ಆ ತಡವನ್ನು ಕಪ್ಪು ಬಿಳುಪಾಗಿ ಬದಲಿಸಿದ. ಇದು ಫೇಸ್ ಕಾಂಟ್ರಾಸ್ಟ್. 1932ರಲ್ಲಿ ಅದನ್ನು ಝೈಸ್ ಕಂಪನಿಗೆ ತೋರಿಸಿದಾಗ, ಇದರಿಂದ ಉಪಯೋಗವಿದ್ದಿದ್ದರೆ ನಾವೇ ಯಾವತ್ತೋ ಕಂಡುಹಿಡಿಯುತ್ತಿದ್ದೆವು ಎಂಬ ಅರ್ಥದ ಉತ್ತರ ಬಂತೆಂದು ಅವನೇ ತನ್ನ ನೊಬೆಲ್ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾನೆ. ನೊಬೆಲ್ ಬಂದದ್ದು 1953ರಲ್ಲಿ, ಒಂದು ಪಟ್ಟೂ ಹೆಚ್ಚು ಹಿಗ್ಗಿಸದೆ.

ಬಳಿಕದ ದೊಡ್ಡ ತಿರುವು ಕಡಲಿನಿಂದ ಬಂತು. ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಜೆಲ್ಲಿ ಮೀನುಗಳನ್ನು ಸಾವಿರಗಟ್ಟಲೆ ಹಿಡಿದು, ಅವುಗಳ ಅಂಚಿನಲ್ಲಿ ಹೊಳೆಯುವ ವಸ್ತು ಯಾವುದೆಂದು ಹುಡುಕುತ್ತಿದ್ದ. ಹುಡುಕುತ್ತಿದ್ದ ವಸ್ತುವಿನ ಜೊತೆಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನೂ ಸಿಕ್ಕಿತು. ಮೂವತ್ತು ವರ್ಷ ಅದು ಯಾರಿಗೂ ಅಷ್ಟೇನೂ ಬೇಕಾಗಿರಲಿಲ್ಲ. 1992ರಲ್ಲಿ ಡಗ್ಲಸ್ ಪ್ರಾಶರ್ ಅದರ ಜೀನನ್ನು ಬಿಡಿಸಿ ತೆಗೆದ. 1994ರಲ್ಲಿ ಮಾರ್ಟಿನ್ ಚಾಲ್ಫಿ ಆ ಜೀನನ್ನು ಬ್ಯಾಕ್ಟೀರಿಯಾಕ್ಕೂ ಪುಟ್ಟ ಹುಳುವಿಗೂ ಸೇರಿಸಿ, ಬದುಕಿರುವ ಜೀವಿಯ ಬೇಕಾದ ಕೋಶ ಮಾತ್ರ ಹಸಿರಾಗಿ ಹೊಳೆಯುವಂತೆ ಮಾಡಿದ. ರಾಜರ್ ಚಿಯೆನ್ ಅದಕ್ಕೆ ಬೇರೆ ಬೇರೆ ಬಣ್ಣ ಕೊಟ್ಟ. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೂ ನೊಬೆಲ್. ಪ್ರಾಶರ್ ಆಗ ಸಂಶೋಧನೆಯ ಕೆಲಸ ತಪ್ಪಿ, ಒಂದು ಕಾರು ಮಾರಾಟಗಾರರ ಹತ್ತಿರ ಗ್ರಾಹಕರನ್ನು ಕರೆದೊಯ್ಯುವ ವ್ಯಾನಿನ ಚಾಲಕನಾಗಿದ್ದ. ಆ ಜೀನನ್ನು ಕೇಳಿದವರಿಗೆ ಕೊಟ್ಟವನು ಅವನೇ. ಬಹುಮಾನದ ಪಟ್ಟಿ ನೋಡಿ ವಿಜ್ಞಾನದ ಇತಿಹಾಸ ಪಾಠ ಮಾಡುವವರಿಗೆ ಇದು ನೆನಪಿರಲಿ.

ಇಲ್ಲೊಂದು ಗೊಂದಲ ಮಕ್ಕಳು ತಪ್ಪದೆ ಮಾಡಿಕೊಳ್ಳುತ್ತಾರೆ. ನಮ್ಮ ಕಡಲಲ್ಲಿ ಕೆಲವು ವರ್ಷ ರಾತ್ರಿ ಹೊತ್ತು ಅಲೆ ನೀಲಿಯಾಗಿ ಮಿನುಗುತ್ತದಲ್ಲ, ಅದಕ್ಕೆ ಹೆಚ್ಚಾಗಿ ಕಾರಣ ನಾಕ್ಟಿಲೂಕಾ. ಒಂದೇ ಕೋಶದ ಜೀವಿಯಾದರೂ ಬರಿಗಣ್ಣಿಗೆ ಚುಕ್ಕೆಯಾಗಿ ಕಾಣುವಷ್ಟು ದೊಡ್ಡದು. ಅದು ಅಲುಗಾಡಿದಾಗ ರಾಸಾಯನಿಕ ಕ್ರಿಯೆಯಿಂದ ತಾನೇ ಬೆಳಕು ಹುಟ್ಟಿಸುತ್ತದೆ. ಹಸಿರು ಪ್ರೋಟೀನು ಹಾಗಲ್ಲ. ನೀಲಿ ಬೆಳಕು ಬಿದ್ದರೆ ಮಾತ್ರ ಅದನ್ನು ನುಂಗಿ ಹಸಿರು ಬೆಳಕು ಬಿಡುತ್ತದೆ. ಕತ್ತಲಲ್ಲಿ ಅದೂ ಕತ್ತಲೆಯೇ. ತರಗತಿಯಲ್ಲಿ ತೋರಿಸಲು ಹರಿವೆ ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಸೋಸಿ. ಹಸಿರು ದ್ರಾವಣಕ್ಕೆ ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ. ಬಾಟಲಿ ರಕ್ತಗೆಂಪಾಗಿ ಹೊಳೆಯುತ್ತದೆ. ಕ್ಲೋರೋಫಿಲ್ಲಿನ ಫ್ಲೂರೊಸೆನ್ಸ್ ಅದು. ಟಾರ್ಚ್ ಆರಿಸಿ, ಹೊಳಪೂ ಆರುತ್ತದೆ. ಎರಡರ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು, ಮತ್ತು ಸ್ಪಿರಿಟ್ ಇರುವಲ್ಲಿ ಬೆಂಕಿ ಬೇಡ.

ನೀವು ಕೇಳಿದ ನೊಬೆಲ್ ಮೈಕ್ರೋಸ್ಕೋಪ್ 2014ರದ್ದಿರಬೇಕು: ಎರಿಕ್ ಬೆಟ್‌ಝಿಗ್, ಸ್ಟೆಫಾನ್ ಹೆಲ್, ವಿಲಿಯಂ ಮೊರ್ನರ್. ಅಬೆಯ ಮಿತಿಯನ್ನು ಮುರಿದರು ಎಂದು ಬರೆಯುತ್ತಾರೆ. ಬಳಸಿಕೊಂಡು ಹೋದರು ಎಂದರೆ ಹೆಚ್ಚು ಸರಿ. ಕಾರವಾರದ ಕಡಲ ದಂಡೆಯಲ್ಲಿ ರಾತ್ರಿ ನಿಂತರೆ ದೂರದಲ್ಲಿ ಒತ್ತೊತ್ತಾಗಿ ನಿಂತ ಎರಡು ದೋಣಿಗಳ ದೀಪ ಒಂದೇ ಹೊಳಪಾಗಿ ಕಾಣುತ್ತದೆ. ಒಂದು ದೋಣಿಯವರು ದೀಪ ಆರಿಸಿದಾಗ ಇನ್ನೊಂದರ ನಡುಬಿಂದುವನ್ನು ಕಾಗದದ ಮೇಲೆ ಗುರುತು ಮಾಡಿ, ಆಮೇಲೆ ಇವರದನ್ನು ಆರಿಸಿ ಅವರದನ್ನು ಗುರುತು ಮಾಡಿಕೊಂಡರೆ ಎರಡೂ ಬೇರೆ ಬೇರೆ ಎಂದು ಗೊತ್ತಾಗುತ್ತದೆ, ಕಣ್ಣು ಅದೇ ಆದರೂ. ಬೆಟ್‌ಝಿಗ್ ಮಾಡಿದ್ದು ಇದು. ಬೇಕೆಂದಾಗ ಹೊತ್ತಿಸಬಹುದಾದ ಪ್ರೋಟೀನುಗಳನ್ನು ಕೋಶಕ್ಕೆ ಸೇರಿಸಿ, ಒಂದು ಸಲಕ್ಕೆ ಅಲ್ಲೊಂದು ಇಲ್ಲೊಂದು ಅಣುವನ್ನು ಮಾತ್ರ ಬೆಳಗಿಸಿ, ನಡುಬಿಂದು ಗುರುತಿಸಿ, ಆರಿಸಿ, ಮತ್ತೆ ಬೇರೆ ನಾಲ್ಕನ್ನು ಬೆಳಗಿಸಿ, ಹೀಗೆ ಸಾವಿರಾರು ಚಿತ್ರಗಳನ್ನು ಕೂಡಿಸುವುದು. ಕೆಲಸವಿಲ್ಲದೆ ಇದ್ದ ದಿನಗಳಲ್ಲಿ ಗೆಳೆಯ ಹೆರಾಲ್ಡ್ ಹೆಸ್‌ನ ಮನೆಯ ಹಜಾರದಲ್ಲಿ ಇಬ್ಬರೂ ಸೇರಿ ಅದರ ಮೊದಲ ಉಪಕರಣ ಕಟ್ಟಿದರು. ಪ್ರಕಟವಾದದ್ದು 2006ರಲ್ಲಿ. ಹೆಲ್‌ನ ದಾರಿ ಬೇರೆ: ಹೊಳೆಯುವ ಚುಕ್ಕೆಯ ಸುತ್ತ ಉಂಗುರದಂತೆ ಇನ್ನೊಂದು ಲೇಸರ್ ಬಿಟ್ಟು, ಅಂಚಿನ ಹೊಳಪನ್ನು ಆರಿಸಿ, ನಡುವನ್ನು ಸಣ್ಣದು ಮಾಡುವುದು.

ಇವೆರಡರಿಂದ ಶಾಲೆಗೆ ನೇರ ಲಾಭ ಇಲ್ಲ. ನನಗೆ ಇವಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು 2015ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಎಡ್ ಬಾಯ್ಡನ್ ಮತ್ತು ಅವರ ವಿದ್ಯಾರ್ಥಿಗಳು ಮಾಡಿದ್ದು. ಮೈಕ್ರೋಸ್ಕೋಪನ್ನು ಹಾಗೇ ಬಿಟ್ಟು ನೋಡುವ ವಸ್ತುವನ್ನೇ ಊದಿಸಿದರು. ಮಕ್ಕಳ ಡೈಪರಿನಲ್ಲಿ ನೀರು ಹೀರಿ ಉಬ್ಬುವ ಸೋಡಿಯಂ ಪಾಲಿಅಕ್ರಿಲೇಟ್ ಇದೆಯಲ್ಲ, ಅದೇ ಜಾತಿಯ ಜೆಲ್ಲನ್ನು ಅಂಗಾಂಶದೊಳಗೆ ಹೆಣೆದು, ಹೊಳೆಯುವ ಗುರುತುಗಳನ್ನು ಅದಕ್ಕೆ ಕಟ್ಟಿ, ನೀರು ಕುಡಿಸಿದರು. ಎಲ್ಲ ದಿಕ್ಕಿಗೂ ಸಮನಾಗಿ ಸುಮಾರು ನಾಲ್ಕೂವರೆ ಪಟ್ಟು ಹಿಗ್ಗಿತು. ಸಾದಾ ಫ್ಲೂರೊಸೆನ್ಸ್ ಮೈಕ್ರೋಸ್ಕೋಪಿಗೆ 70 ನ್ಯಾನೋಮೀಟರಿನ ವಿವರ ಸಿಕ್ಕಿತು. ಡೈಪರ್ ಹರಿದು ಶಾಲೆಯಲ್ಲಿ ಮಾಡಲು ಹೋಗಬೇಡಿ ಮಾತ್ರ. ಇದಕ್ಕೆ ಬಳಸುವ ಅಕ್ರಿಲಮೈಡ್ ನರಗಳಿಗೆ ವಿಷ.

ಶಾಲೆಗಳ ಕೈಗೂ ಎಟಕುವ ಸಂಶೋಧನೆಗಳು ಇವೆ. ಮೀರತ್‌ನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್‌ಕಿ 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್ ನಿಮಗೆ ಗೊತ್ತಿರಬಹುದು. ಗಟ್ಟಿ ಕಾಗದವನ್ನು ಮಡಚಿ ಮಾಡುವ ಮೈಕ್ರೋಸ್ಕೋಪ್. ಒಂದೇ ಪುಟ್ಟ ಗಾಜಿನ ಗುಂಡು, 140 ಪಟ್ಟು, ಎರಡು ಮೈಕ್ರಾನ್ ಆಸುಪಾಸಿನ ವಿವರ. 1670ರ ದಶಕದಲ್ಲಿ ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕೆರೆಯ ನೀರಿನಲ್ಲಿ ಮೊದಲ ಸಲ ಸೂಕ್ಷ್ಮಜೀವಿಗಳನ್ನು ಕಂಡದ್ದೂ ಒಂಟಿ ಲೆನ್ಸಿನಲ್ಲೇ. ಹಿನ್ನೀರಿನ ಅಂಚಿನ ಗಜನಿ ಗದ್ದೆಯ ಬದುವಿನ ಮೇಲೆ ನಿಂತು ಕೈಯಲ್ಲೇ ನೋಡಲು, ಫೋನಿಗೆ ಅಂಟಿಸಿ ವಿಡಿಯೋ ತೆಗೆಯಲು ಇದು ಬಹಳ ಒಳ್ಳೆಯದು. ಪ್ಲ್ಯೂರೋಸಿಗ್ಮಾದ ಸಾಲುಗಳನ್ನು ಇದರಿಂದ ಕೇಳಬೇಡಿ. ಇನ್ನೊಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಫ್ಲೆಕ್ಶರ್ ಎಂಬ ಮೈಕ್ರೋಸ್ಕೋಪ್. ಅದರ ನಕ್ಷೆಗಳು ಎಲ್ಲರಿಗೂ ಉಚಿತ, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿಕೊಳ್ಳಬಹುದು. ಒಂದರ ಮೇಲೊಂದು ಜಾರುವ ಭಾಗಗಳ ಬದಲು ಪ್ಲಾಸ್ಟಿಕ್ಕು ಬಾಗುವುದನ್ನೇ ಬಳಸಿ ಸ್ಲೈಡನ್ನು ಮೈಕ್ರಾನಿಗಿಂತ ಸಣ್ಣ ಹೆಜ್ಜೆಯಲ್ಲಿ ಸರಿಸುತ್ತದೆ. ಟಾಂಜಾನಿಯಾದಲ್ಲಿ ಅದನ್ನು ಅಲ್ಲಿನವರೇ ತಯಾರಿಸಿ ಮಲೇರಿಯಾ ಪರೀಕ್ಷೆಗೆ ಬಳಸಿ ನೋಡಿದ್ದಾರೆ. ನಿಮ್ಮ ಸುತ್ತಿನ ಯಾವುದಾದರೂ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಅಲ್ಲಿ ತ್ರೀಡಿ ಪ್ರಿಂಟರ್ ಇರುತ್ತದೆ, ಹೆಚ್ಚಾಗಿ ಧೂಳು ಹಿಡಿದು. ಒಂದು ಬೇಸಿಗೆ ರಜೆಗೆ ಒಳ್ಳೆಯ ಕೆಲಸ.

ಇಡೀ ತರಗತಿಗೆ ಒಮ್ಮೆಲೇ ತೋರಿಸಲು ಮೈಕ್ರೋಸ್ಕೋಪೇ ಬೇಡ. ಸೂಜಿ ತೆಗೆದ ಸಿರಿಂಜಿನಲ್ಲಿ ಹಿನ್ನೀರು ತುಂಬಿ, ತುದಿಯಲ್ಲಿ ಒಂದು ಹನಿ ಬೀಳದೆ ತೂಗುವಂತೆ ಸ್ಟ್ಯಾಂಡಿಗೆ ಕಟ್ಟಿ. ಕತ್ತಲ ಕೋಣೆಯಲ್ಲಿ ಹಸಿರು ಲೇಸರ್ ಪಾಯಿಂಟರನ್ನು ಹನಿಯ ನಡುವೆ ಬಿಡಿ. ಹನಿಯೇ ಲೆನ್ಸಾಗಿ ಎದುರಿನ ಗೋಡೆಯ ಮೇಲೆ ಕೋಪೆಪಾಡ್‌ಗಳ ನೆರಳು ಗೇಣುದ್ದ ಓಡಾಡುತ್ತದೆ. ಲೇಸರನ್ನೂ ಸ್ಟ್ಯಾಂಡಿಗೇ ಬಿಗಿಯಬೇಕು, ಮಕ್ಕಳ ಕೈಗೆ ಕೊಡಬಾರದು, ಎಲ್ಲರೂ ಅದರ ಹಿಂದೆ ಕೂರಬೇಕು.

ದೊಡ್ಡ ಉಪಕರಣಗಳನ್ನು ಕಣ್ಣಾರೆ ಕಾಣಬೇಕೆಂದರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ, ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ. ಮೊದಲೇ ಪತ್ರ ಬರೆದು ಕೇಳಿ. ಕಾಲೇಜು ಮಟ್ಟದ ಸಂಶೋಧನೆ ಮಾಡುವವರು ಕೇಂದ್ರ ಸರ್ಕಾರದ ಐ-ಸ್ಟೆಮ್ ಜಾಲತಾಣ ನೋಡಬಹುದು. ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಅಲ್ಲಿ ಸಿಗುತ್ತದೆ, ಶುಲ್ಕ ಕಟ್ಟಿ ಸಮಯ ಕಾದಿರಿಸಬಹುದು.

ಇನ್ನು 15,000ದ ಲೆಕ್ಕ. 40ರ ಲೆನ್ಸು ಹಾಳಾಗಿದ್ದರೆ 40/0.65, 160/0.17 ಎಂದು ಕೆತ್ತಿದ್ದನ್ನೇ ಕೇಳಿ ತರಿಸಿ. ಹರಿಯಾಣದ ಅಂಬಾಲಾದಲ್ಲಿ ತಯಾರಾದದ್ದು ಸಾಕು. ದಪ್ಪ ನಮೂದಿಸಿದ ಕವರ್ ಸ್ಲಿಪ್ ಕೊಳ್ಳಿ. ಫೋನನ್ನು ಐಪೀಸಿಗೆ ಬಿಗಿಯುವ ಹಿಡಿಕೆ ಒಂದು. ಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳ) ಬಲೆಯನ್ನು ಕೊಳ್ಳುವ ಬದಲು ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಹತ್ತಿರ ಸಣ್ಣ ಕಣ್ಣಿನ ಪಾಲಿಯೆಸ್ಟರ್ ಬಟ್ಟೆ ತಂದು ಮಕ್ಕಳಿಂದಲೇ ಕೊಳವೆಯಾಕಾರಕ್ಕೆ ಹೊಲಿಸಿ, ಬಾಯಿಗೆ ಬಳೆ, ತುದಿಗೆ ಪ್ಲಾಸ್ಟಿಕ್ ಬಾಟಲಿ. ಗಾಳಿಯಾಡದ ದೊಡ್ಡ ಡಬ್ಬಿ ಒಂದು, ಅದರಲ್ಲಿ ಸಿಲಿಕಾ ಜೆಲ್ ಅರ್ಧ ಕಿಲೋ; ನೀಲಿಯಿದ್ದದ್ದು ಗುಲಾಬಿಯಾದಾಗ ಬಾಣಲೆಯಲ್ಲಿ ಹದವಾಗಿ ಕಾಯಿಸಿ ಮತ್ತೆ ಬಳಸಿ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಮಳೆ ಹಿಡಿಯುವ ಮೊದಲೇ ಮೈಕ್ರೋಸ್ಕೋಪು ಆ ಡಬ್ಬಿ ಸೇರಲಿ. ಇಷ್ಟಾದ ಮೇಲೂ ಕೈಯಲ್ಲಿ ದುಡ್ಡು ಉಳಿಯುತ್ತದೆ. ಅದಕ್ಕೆ 20ರಿಂದ 40 ಪಟ್ಟು ಹಿಗ್ಗಿಸುವ ಸಾದಾ ಸ್ಟೀರಿಯೋ ಮೈಕ್ರೋಸ್ಕೋಪ್ ಕೊಳ್ಳಿ. ಬೆಳಚಿನ ಚಿಪ್ಪಿನ ಬೆಳವಣಿಗೆಯ ಗೆರೆಗಳು, ಏಡಿಯ ಮರಿ, ನಾಕ್ಟಿಲೂಕಾ, ಅಡಿಕೆ ಎಲೆಯ ಮೇಲಿನ ನುಸಿ, ಎಲ್ಲ ಅದರಲ್ಲಿ ಎರಡೂ ಕಣ್ಣು ತೆರೆದು ನೋಡಬಹುದು, ಸ್ಲೈಡ್ ಮಾಡುವ ಗೋಜೂ ಇಲ್ಲ.